ಕಮಲಾದೇವಿ ಚಟ್ಟೋಪಾಧ್ಯಾಯ

ಕಮಲಾದೇವಿ ಚಟ್ಟೋಪಾಧ್ಯಾಯ (ಏಪ್ರಿಲ್ 3, 1903 – ಅಕ್ಟೋಬರ್ 29, 1988) ಮಂಗಳೂರಿನಲ್ಲಿ ಜನಿಸಿದ ಸ್ವಾತಂತ್ರ್ಯ ಹೋರಾಟಗಾರ್ತಿ, ಸಮಾಜವಾದಿ ನಾಯಕಿ, ರಂಗಕರ್ಮಿ ಮತ್ತು ಲೇಖಕಿ. ಸ್ವತಂತ್ರ ಭಾರತದಲ್ಲಿ ಕೈಕಸುಬುಗಳು ಮತ್ತೆ ಚೇತರಿಸಿಕೊಳ್ಳಲು ಕಾರಣರಾದವರಲ್ಲಿ ಇವರದು ಮೊದಲ ಹೆಸರು. ಕುಶಲಕರ್ಮಿಯ ದುಡಿಮೆಗೆ ತಕ್ಕ ಬೆಲೆ ಸಿಗಬೇಕು, ಅವನು ಮಧ್ಯವರ್ತಿಯ ಸಾಲದಿಂದ ಹೊರಬರಬೇಕು, ಅವನ ಹೆಸರು ಕೊಳ್ಳುವವರಿಗೆ ತಿಳಿಯಬೇಕು ಎಂಬ ಆಶಯಗಳನ್ನು ಸಹಕಾರ ಸಂಘ, ಮಾರಾಟ ಮಳಿಗೆ ಮತ್ತು ಸರ್ಕಾರಿ ಮಂಡಳಿಗಳ ಮೂಲಕ ಜಾರಿಗೆ ತರಲು ಅವರು ನಾಲ್ಕು ದಶಕಗಳ ಕಾಲ ದುಡಿದರು. ಇಂದು ನ್ಯಾಯಯುತ ವ್ಯಾಪಾರ, ಅಂದರೆ ಫೇರ್ ಟ್ರೇಡ್, ಎಂಬ ಹೆಸರಿನಲ್ಲಿ ನಡೆಯುವ ಕರಕುಶಲ ವಸ್ತುಗಳ ವಹಿವಾಟಿನ ಮುಖ್ಯ ತತ್ತ್ವಗಳು ಆ ಹೆಸರು ಪ್ರಚಾರಕ್ಕೆ ಬರುವ ಮೊದಲೇ ಅವರ ಕೆಲಸದಲ್ಲಿ ಕಾಣಿಸಿಕೊಂಡಿದ್ದವು.

ಮನೆತನ ಮತ್ತು ಬಾಲ್ಯ

ಕಮಲಾದೇವಿ ಚಿತ್ರಾಪುರ ಸಾರಸ್ವತ ಕುಟುಂಬದವರು. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರದ ಉನ್ನತ ಅಧಿಕಾರಿಯಾಗಿದ್ದರು, ತಾಯಿ ಗಿರಿಜಾಬಾಯಿ. ಮನೆತನದ ಹೆಸರು ಕುಮಟಾ ಸಮೀಪದ ಧಾರೇಶ್ವರ ಗ್ರಾಮವನ್ನು ನೆನಪಿಸುತ್ತದೆ. ಈ ಸಮುದಾಯದ ಗುರುಮಠವಿರುವ ಶಿರಾಲಿಯೂ ಇಂದಿನ ಉತ್ತರ ಕನ್ನಡ ಜಿಲ್ಲೆಯಲ್ಲಿದೆ. 1862ರಲ್ಲಿ ಕಾರವಾರ, ಅಂಕೋಲಾ, ಕುಮಟಾ ಒಳಗೊಂಡ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸುವವರೆಗೆ ಇಡೀ ಕೆನರಾ ಮದರಾಸು ಪ್ರಾಂತದಲ್ಲಿಯೇ ಇತ್ತು. ಹೀಗಾಗಿ ಆಡಳಿತದ ಗಡಿ ಬೇರೆಯಾದ ಮೇಲೂ ಮಂಗಳೂರಿನ ಸಾರಸ್ವತ ಮನೆಗಳ ನಂಟು ಕಾರವಾರದ ಕಡೆಯ ಊರುಗಳೊಂದಿಗೆ ಕಡಿದುಹೋಗಲಿಲ್ಲ.

ಗಿರಿಜಾಬಾಯಿ ಓದು ಬಲ್ಲವರು, ಸ್ವತಂತ್ರ ಮನೋಭಾವದವರು. ಮಹಾದೇವ ಗೋವಿಂದ ರಾನಡೆ, ಗೋಪಾಲಕೃಷ್ಣ ಗೋಖಲೆ, ರಮಾಬಾಯಿ ರಾನಡೆ, ಆನಿ ಬೆಸೆಂಟ್ ಮೊದಲಾದವರೊಂದಿಗೆ ಈ ಕುಟುಂಬಕ್ಕೆ ಸ್ನೇಹವಿತ್ತು. ಅಕ್ಕ ಸಗುಣಾ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆಯೂ ನಿಧನರಾದರು. ಅವರು ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ಹೆಂಡತಿಗೂ ಮಗಳಿಗೂ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನು ನಿರಾಕರಿಸಿ, ತವರಿನಿಂದ ತನಗೆ ಬಂದಿದ್ದ ಸ್ವತ್ತಿನಿಂದ ಮಗಳನ್ನು ಬೆಳೆಸಿದರು. ಹಕ್ಕಿನಿಂದ ಬರಬೇಕಾದದ್ದು ದಯೆಯಾಗಿ ಬರುವುದನ್ನು ಕಮಲಾದೇವಿ ಹೀಗೆ ಬಾಲ್ಯದಲ್ಲೇ ಕಂಡರು. ಮುಂದೆ ಮಹಿಳೆಯರ ವಿಷಯದಲ್ಲಾಗಲಿ ಕುಶಲಕರ್ಮಿಗಳ ವಿಷಯದಲ್ಲಾಗಲಿ ಅವರು ತಳೆದ ನಿಲುವುಗಳನ್ನು ಈ ಘಟನೆಯಿಂದ ಬೇರ್ಪಡಿಸಿ ನೋಡುವುದು ಕಷ್ಟ.

ವಿವಾಹ ಮತ್ತು ವಿದ್ಯಾಭ್ಯಾಸ

1917ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕೃಷ್ಣರಾವ್ ಎಂಬುವರೊಂದಿಗೆ ಅವರ ವಿವಾಹವಾಯಿತು. ಎರಡು ವರ್ಷ ತುಂಬುವುದರೊಳಗೆ ಅವರು ವಿಧವೆಯಾದರು. ಬಳಿಕ ಓದು ಮುಂದುವರಿಸಿ ಮದರಾಸಿನ ಕ್ವೀನ್ ಮೇರೀಸ್ ಕಾಲೇಜು ಸೇರಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಪರಿಚಯವಾಯಿತು. ಆಕೆಯ ಮೂಲಕ ಕವಿ, ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಇಬ್ಬರೂ ಮದುವೆಯಾದಾಗ ಸಾಂಪ್ರದಾಯಿಕ ವಲಯದಿಂದ ತೀವ್ರ ವಿರೋಧ ಬಂತು. ವಿಧವಾ ವಿವಾಹವೂ ಭಾಷೆ ಪ್ರಾಂತಗಳನ್ನು ಮೀರಿದ ಮದುವೆಯೂ ಅಂದಿನ ದಿನಗಳಲ್ಲಿ ವಿರಳವಾಗಿದ್ದವು. ದಂಪತಿಗೆ ರಾಮಕೃಷ್ಣ ಎಂಬ ಮಗ ಹುಟ್ಟಿದನು. ಹಲವು ವರ್ಷಗಳ ಅನಂತರ ಈ ದಾಂಪತ್ಯ ವಿಚ್ಛೇದನದಲ್ಲಿ ಕೊನೆಗೊಂಡಿತು.

ಮದುವೆಯ ಬಳಿಕ ಲಂಡನ್ನಿಗೆ ತೆರಳಿದ ಕಮಲಾದೇವಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಅಭ್ಯಾಸ ಮಾಡಿದರು. ಅಸಹಕಾರ ಚಳವಳಿಯ ಸುದ್ದಿ ಕೇಳಿ 1923ರಲ್ಲಿ ಭಾರತಕ್ಕೆ ಹಿಂತಿರುಗಿದರು.

ಸಾರ್ವಜನಿಕ ಜೀವನಕ್ಕೆ ಪ್ರವೇಶ

ನಾ. ಸು. ಹರ್ಡೀಕರರು ಕಟ್ಟಿದ ಸೇವಾದಳದಲ್ಲಿ ಮಹಿಳಾ ವಿಭಾಗದ ಹೊಣೆ ಕಮಲಾದೇವಿಯವರಿಗೆ ಬಂತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕಿಯರ ಪಡೆಯನ್ನು ಅವರು ಮುನ್ನಡೆಸಿದರು. 1926ರಲ್ಲಿ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ ಮದರಾಸು ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಮತಗಳ ಅಂತರದಿಂದ ಸೋತರು. ಭಾರತದಲ್ಲಿ ಶಾಸನಸಭೆಯ ಸ್ಥಾನಕ್ಕೆ ಚುನಾವಣೆಯಲ್ಲಿ ನಿಂತ ಮೊದಲ ಮಹಿಳೆಯರಲ್ಲಿ ಅವರನ್ನು ಎಣಿಸಲಾಗುತ್ತದೆ. ಮರುವರ್ಷ ಆರಂಭವಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾದರು.

ಇದೇ ಕಾಲದಲ್ಲಿ ಅವರು ರಂಗಭೂಮಿಯಲ್ಲೂ ತೊಡಗಿಸಿಕೊಂಡಿದ್ದರು. ಕುಲೀನ ಮನೆತನದ ಹೆಣ್ಣುಮಕ್ಕಳು ಬಣ್ಣ ಹಚ್ಚುವುದನ್ನು ಸಮಾಜ ಒಪ್ಪದಿದ್ದ ದಿನಗಳವು. ಮೋಹನ ಭವನಾನಿ ನಿರ್ದೇಶಿಸಿದ, ‘ಮೃಚ್ಛಕಟಿಕ’ ನಾಟಕವನ್ನಾಧರಿಸಿದ ‘ವಸಂತಸೇನಾ’ (1931) ಮೂಕಿ ಚಿತ್ರದಲ್ಲಿ ಕಮಲಾದೇವಿ ಅಭಿನಯಿಸಿದರು. ಇದರಲ್ಲಿ ಏಣಾಕ್ಷಿ ರಾಮರಾವ್ ಮತ್ತು ಟಿ. ಪಿ. ಕೈಲಾಸಂ ಅವರೂ ನಟಿಸಿದ್ದರು. 1940ರ ದಶಕದ ‘ತಾನಸೇನ್’, ‘ಶಂಕರ ಪಾರ್ವತಿ’ ಮೊದಲಾದ ಹಿಂದಿ ಚಿತ್ರಗಳಲ್ಲೂ ಅವರು ಕಾಣಿಸಿಕೊಂಡರು.

ಉಪ್ಪಿನ ಸತ್ಯಾಗ್ರಹ

1930ರ ದಂಡಿ ಯಾತ್ರೆಯಲ್ಲಿ ಮಹಿಳೆಯರನ್ನು ಸೇರಿಸಿಕೊಳ್ಳುವ ಯೋಜನೆ ಗಾಂಧೀಜಿಯವರಿಗೆ ಆರಂಭದಲ್ಲಿ ಇರಲಿಲ್ಲ. ಕಮಲಾದೇವಿ ಅವರನ್ನು ಭೇಟಿಯಾಗಿ, ಮಹಿಳೆಯರಿಗೂ ಸತ್ಯಾಗ್ರಹದಲ್ಲಿ ಸಮಾನ ಅವಕಾಶ ಬೇಕೆಂದು ವಾದಿಸಿ ಒಪ್ಪಿಸಿದರು. ಏಪ್ರಿಲ್‌ನಲ್ಲಿ ಮುಂಬಯಿಯ ಕಡಲತೀರದಲ್ಲಿ ಉಪ್ಪು ತಯಾರಿಸಿದ ಮೊದಲ ತಂಡದಲ್ಲಿ ಅವರೂ ಅವಂತಿಕಾಬಾಯಿ ಗೋಖಲೆಯವರೂ ಇದ್ದರು. ತಯಾರಿಸಿದ ಉಪ್ಪನ್ನು ಪೊಟ್ಟಣ ಕಟ್ಟಿ ಮುಂಬಯಿಯ ಷೇರುಪೇಟೆಯ ಬಳಿ ಮಾರಿದರು, ಹೈಕೋರ್ಟಿಗೂ ಕೊಂಡೊಯ್ದರು. ಬಂಧನಕ್ಕೊಳಗಾಗಿ ಹಲವು ತಿಂಗಳು ಸೆರೆವಾಸ ಅನುಭವಿಸಿದರು.

ಅದೇ ತಿಂಗಳ 13ರಂದು ಕರ್ನಾಟಕದ ಉಪ್ಪಿನ ಸತ್ಯಾಗ್ರಹವು ಕಾರವಾರದ ದಕ್ಷಿಣಕ್ಕಿರುವ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಆರಂಭವಾಯಿತು. ಅಲ್ಲಿ ತಯಾರಾದ ಉಪ್ಪಿನ ಮೊದಲ ಪೊಟ್ಟಣವನ್ನು ಹರಾಜು ಹಾಕಿದಾಗ ರೇವು ಹೊನ್ನಪ್ಪ ನಾಯಕ ಎಂಬುವರು 30 ರೂಪಾಯಿ ಕೊಟ್ಟು ಕೊಂಡರು. ಕಮಲಾದೇವಿ ಆಗ ಮುಂಬಯಿಯಲ್ಲಿದ್ದರು. ಆದರೆ ಎರಡೂ ಕಡೆ ನಡೆದದ್ದು ಒಂದೇ ಬಗೆಯ ಮಾರಾಟ. ಚಿಟಿಕೆ ಉಪ್ಪಿಗೆ ಜನ ಕೊಟ್ಟ ಹಣ ಸರಕಿನ ಪೇಟೆ ಬೆಲೆಯಾಗಿರಲಿಲ್ಲ. ಅದನ್ನು ತಯಾರಿಸಿದವರ ಶ್ರಮಕ್ಕೂ ಅವರು ಎದುರಿಸಿದ ಅಪಾಯಕ್ಕೂ ಕೊಟ್ಟ ಹಣವಾಗಿತ್ತು. ಮುಂದೆ ಕರನಿರಾಕರಣೆಯಲ್ಲಿ ಅಂಕೋಲಾ ಮತ್ತು ಸಿದ್ದಾಪುರದ ರೈತ ಕುಟುಂಬಗಳು ಜಮೀನು ಕಳೆದುಕೊಂಡವು, ಮಹಿಳೆಯರೂ ಬೀದಿಗಿಳಿದರು.

ಸಮಾಜವಾದಿ ಪಕ್ಷ ಮತ್ತು ವಿದೇಶ ಪ್ರವಾಸ

ಕಾಂಗ್ರೆಸ್ ಸಮಾಜವಾದಿ ಪಕ್ಷದ ಪ್ರಮುಖರಲ್ಲಿ ಒಬ್ಬರಾಗಿದ್ದ ಅವರು 1936ರಲ್ಲಿ ಮೀರತ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಎರಡನೆಯ ಮಹಾಯುದ್ಧ ಆರಂಭವಾದಾಗ ಅವರು ವಿದೇಶದಲ್ಲಿದ್ದರು. ಅಮೆರಿಕ, ಚೀನಾ, ಜಪಾನ್‌ಗಳಲ್ಲಿ ಸಂಚರಿಸಿ ಭಾರತದ ಸ್ವಾತಂತ್ರ್ಯದ ಪರವಾಗಿ ಪ್ರಚಾರ ಮಾಡಿದರು. ಈ ದೇಶಗಳ ಬಗ್ಗೆ ಪುಸ್ತಕಗಳನ್ನೂ ಬರೆದರು.

ಸಹಕಾರ ಸಂಘ ಮತ್ತು ಫರೀದಾಬಾದ್

ಸ್ವಾತಂತ್ರ್ಯ ಬಂದಾಗ ಅಧಿಕಾರ ರಾಜಕಾರಣದ ದಾರಿ ಕಮಲಾದೇವಿಯವರಿಗೆ ತೆರೆದಿತ್ತು. ಅವರು ಅದನ್ನು ಬಿಟ್ಟು ನಿರಾಶ್ರಿತರ ಶಿಬಿರಗಳತ್ತ ನಡೆದರು. 1948ರಲ್ಲಿ ಸ್ಥಾಪಿಸಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಮೂಲಕ, ವಾಯವ್ಯ ಗಡಿ ಪ್ರಾಂತದಿಂದ ಬಂದ ಸಾವಿರಾರು ನಿರಾಶ್ರಿತರು ದೆಹಲಿ ಸಮೀಪದ ಫರೀದಾಬಾದಿನಲ್ಲಿ ಹೊಸ ಪಟ್ಟಣ ಕಟ್ಟಿಕೊಳ್ಳಲು ನೆರವಾದರು. ನಿರಾಶ್ರಿತರು ಸಹಾಯಧನ ಪಡೆದು ಕಾಯುವ ಬದಲು ತಮ್ಮ ಮನೆಗಳನ್ನು ತಾವೇ ಕಟ್ಟಿ, ಹೊಸ ಕಸುಬು ಕಲಿತು, ಸಹಕಾರ ಸಂಘದ ಸದಸ್ಯರಾಗಿ ದುಡಿಯಬೇಕೆಂಬುದು ಅವರ ಹಂಬಲವಾಗಿತ್ತು. ಸರ್ಕಾರಿ ಇಲಾಖೆಗಳ ಹಿಡಿತ ಬಿಗಿಯಾದಂತೆ ಈ ಪ್ರಯೋಗದ ಸ್ವರೂಪ ಬದಲಾಯಿತಾದರೂ ಪಟ್ಟಣ ಉಳಿದು ಬೆಳೆಯಿತು.

ಕರಕುಶಲ ಕ್ಷೇತ್ರದಲ್ಲಿ

ಕೈಕಸುಬುಗಳು ಸೊರಗಿದ್ದಕ್ಕೆ ಯಂತ್ರವೊಂದೇ ಕಾರಣವಾಗಿರಲಿಲ್ಲ. ಅರಮನೆ, ದೇವಸ್ಥಾನ, ಸಿರಿವಂತ ಮನೆತನಗಳಂಥ ಹಳೆಯ ಆಶ್ರಯಗಳು ಕ್ಷೀಣಿಸಿದ್ದವು. ಕಚ್ಚಾವಸ್ತು ಕೊಳ್ಳಲು ಕೈಯಲ್ಲಿ ಹಣವಿಲ್ಲದ ಕುಶಲಕರ್ಮಿ ವ್ಯಾಪಾರಿಯಿಂದ ಮುಂಗಡ ಪಡೆಯುತ್ತಿದ್ದನು. ಪಡೆದ ಮೇಲೆ ಅದೇ ವ್ಯಾಪಾರಿಗೆ, ಅವನು ಹೇಳಿದ ಬೆಲೆಗೆ ವಸ್ತು ಕೊಡಬೇಕಿತ್ತು. ನಗರದ ಅಂಗಡಿಯಲ್ಲಿ ಹಲವು ಪಟ್ಟು ಬೆಲೆಗೆ ಮಾರಾಟವಾದರೂ ಆ ವ್ಯತ್ಯಾಸ ತಯಾರಿಸಿದವನ ಮನೆ ತಲುಪುತ್ತಿರಲಿಲ್ಲ. ಬೆಲೆ ಇಳಿದಂತೆ ಅವನು ಕೆಲಸದ ನಾಜೂಕನ್ನೂ ಇಳಿಸುತ್ತಿದ್ದನು, ಮಕ್ಕಳು ಬೇರೆ ಉದ್ಯೋಗ ಹುಡುಕುತ್ತಿದ್ದರು. ಕಲೆ ನಶಿಸುತ್ತಿದೆ ಎಂದು ಮರುಗುವವರು ಈ ಲೆಕ್ಕಾಚಾರವನ್ನು ಸಾಮಾನ್ಯವಾಗಿ ಗಮನಿಸುತ್ತಿರಲಿಲ್ಲ. ಕಮಲಾದೇವಿ ಕೆಲಸ ಆರಂಭಿಸಿದ್ದು ಇಲ್ಲಿಂದಲೇ.

1952ರಲ್ಲಿ ಭಾರತ ಸರ್ಕಾರ ಅಖಿಲ ಭಾರತ ಕರಕುಶಲ ಮಂಡಳಿಯನ್ನು ರಚಿಸಿತು. ಅದರ ಅಧ್ಯಕ್ಷೆಯಾಗಿ ಕಮಲಾದೇವಿ 1960ರ ದಶಕದವರೆಗೂ ದೇಶದ ಮೂಲೆಮೂಲೆಗಳಲ್ಲಿ ಸಂಚರಿಸಿದರು. ಒಂದು ಊರಿನಲ್ಲಿ ಯಾವ ಕಸುಬು ಇದೆ, ಎಷ್ಟು ಮನೆಗಳು ಉಳಿದಿವೆ, ಕಚ್ಚಾವಸ್ತು ಎಲ್ಲಿಂದ ಬರುತ್ತದೆ, ಯಾರು ಕೊಳ್ಳುತ್ತಾರೆ ಎಂಬುದನ್ನು ಕುಶಲಕರ್ಮಿಯ ಜಗಲಿಯಲ್ಲೇ ಕುಳಿತು ತಿಳಿದುಕೊಳ್ಳುವುದು ಅವರ ರೀತಿಯಾಗಿತ್ತು. ಮಂಡಳಿಯು ಕಸುಬುಗಳ ಸಮೀಕ್ಷೆ ನಡೆಸಿತು, ತರಬೇತಿ ಕೇಂದ್ರಗಳನ್ನು ತೆರೆಯಿತು; ದೆಹಲಿ, ಮುಂಬಯಿ, ಕೋಲ್ಕತ್ತ ಮತ್ತು ಬೆಂಗಳೂರುಗಳಲ್ಲಿ ಪ್ರಾದೇಶಿಕ ವಿನ್ಯಾಸ ಕೇಂದ್ರಗಳು ತಲೆಯೆತ್ತಿದವು.

ಮಾರಾಟದ ಸಮಸ್ಯೆಗೆ ಉತ್ತರ ದೊರೆತದ್ದು ದೆಹಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂನಲ್ಲಿ. 1948ರಲ್ಲಿ ಸರ್ಕಾರ ಆರಂಭಿಸಿದ್ದ ಈ ಮಳಿಗೆಯ ಆಡಳಿತವನ್ನು 1952ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ವಹಿಸಿಕೊಂಡಿತು. ದೂರದ ಹಳ್ಳಿಯ ನೇಕಾರ, ಕುಂಬಾರ, ಬಡಗಿಗಳ ಕೆಲಸ ರಾಜಧಾನಿಯ ಗ್ರಾಹಕರಿಗೂ ವಿದೇಶಿ ಪ್ರವಾಸಿಗರಿಗೂ ನೇರವಾಗಿ ಸಿಗುವಂತಾಯಿತು. ಹಬ್ಬ, ಮದುವೆಗಳ ಉಡುಗೊರೆಗೆ ಕೈಯಿಂದ ತಯಾರಿಸಿದ ವಸ್ತುವನ್ನು ಆರಿಸುವುದು ನಗರದ ಮಧ್ಯಮವರ್ಗದಲ್ಲಿ ಅಭಿರುಚಿಯ ಗುರುತಾಗಿ ಬೆಳೆದದ್ದರಲ್ಲಿ ಇಂಥ ಮಳಿಗೆಗಳ ಪಾತ್ರ ದೊಡ್ಡದು. ಬಳಿಕ ಹಲವು ರಾಜ್ಯಗಳು ಇದೇ ಮಾದರಿಯನ್ನು ಅನುಸರಿಸಿದವು. ಕರ್ನಾಟಕದ ಕಾವೇರಿ ಮಳಿಗೆಗಳೂ ಈ ಸಾಲಿನವೇ.

ಅಳಿವಿನಂಚಿನಲ್ಲಿದ್ದ ಕೆಲವು ಕಲೆಗಳಿಗೆ ಅವರ ಬೆಂಬಲ ನಿರ್ಣಾಯಕವಾಯಿತು. ಆಂಧ್ರಪ್ರದೇಶದ ಶ್ರೀಕಾಳಹಸ್ತಿಯಲ್ಲಿ ಲೇಖನಿಯಿಂದ ಬಟ್ಟೆಯ ಮೇಲೆ ಚಿತ್ರ ಬರೆಯುವ ಕಲಂಕಾರಿ ಕಲೆಗೆ ಮಂಡಳಿಯ ನೆರವಿನಿಂದ 1950ರ ದಶಕದಲ್ಲಿ ತರಬೇತಿ ಕೇಂದ್ರ ಆರಂಭವಾಯಿತು. ಉಳಿದಿದ್ದ ಬೆರಳೆಣಿಕೆಯ ಹಿರಿಯರಿಂದ ಹೊಸ ತಲೆಮಾರು ಈ ವಿದ್ಯೆ ಕಲಿಯಿತು. ಜೈಪುರದ ನೀಲಿ ಕುಂಬಾರಿಕೆಯನ್ನು ಉಳಿಸುವಲ್ಲಿ ಅವರೂ ರಾಣಿ ಗಾಯತ್ರಿದೇವಿಯವರೂ ಕಲಾವಿದ ಕೃಪಾಲ್ ಸಿಂಗ್ ಶೇಖಾವತ್ ಅವರಿಗೆ ಬೆಂಬಲವಾದರು. ಇಲ್ಲಿ ಒಂದು ಮಾತು ಗಮನಾರ್ಹ. ಶೇಖಾವತ್ ಕುಲಕಸುಬಿನ ಕುಂಬಾರರಲ್ಲ, ಶಾಂತಿನಿಕೇತನದಲ್ಲಿ ಕಲಿತ ಚಿತ್ರಕಾರರು. ಕಸುಬು ಒಂದು ಜಾತಿಯ ಸ್ವತ್ತಾಗಿಯೇ ಉಳಿಯಬೇಕೆಂಬ ಹಟ ಕಮಲಾದೇವಿಯವರಿಗೆ ಇರಲಿಲ್ಲವೆಂಬುದಕ್ಕೆ ಇದು ನಿದರ್ಶನ.

1965ರಿಂದ ನುರಿತ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ನೀಡುವ ಪದ್ಧತಿ ಆರಂಭವಾಯಿತು. ಅದುವರೆಗೆ ಅಂಗಡಿಯ ಹೆಸರಿನಲ್ಲಿ ಮಾತ್ರ ಗುರುತಿಸಲ್ಪಡುತ್ತಿದ್ದ ವಸ್ತುವಿನ ಹಿಂದೆ ಒಬ್ಬ ವ್ಯಕ್ತಿ ಇದ್ದಾನೆ ಎಂಬುದನ್ನು ಇದು ಸಾರ್ವಜನಿಕವಾಗಿ ಒಪ್ಪಿಕೊಂಡಂತಾಯಿತು.

ವಿಶ್ವ ಕರಕುಶಲ ಪರಿಷತ್ತು ಮತ್ತು ನ್ಯಾಯಯುತ ವ್ಯಾಪಾರ

1964ರ ಜೂನ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಡೆದ ಕುಶಲಕರ್ಮಿಗಳ ವಿಶ್ವ ಸಮಾವೇಶದಲ್ಲಿ ವಿಶ್ವ ಕರಕುಶಲ ಪರಿಷತ್ತು ಹುಟ್ಟಿತು. ಅಮೆರಿಕದ ಐಲೀನ್ ಆಸ್ಬೋರ್ನ್ ವೆಬ್ ಅವರೊಂದಿಗೆ ಕಮಲಾದೇವಿ ಇದರ ಸ್ಥಾಪಕರಲ್ಲಿ ಒಬ್ಬರು. ಅದೇ ವರ್ಷ ಭಾರತದಲ್ಲಿ ಸ್ವಯಂಸೇವಾ ಸಂಸ್ಥೆಯಾಗಿ ಕ್ರಾಫ್ಟ್ಸ್ ಕೌನ್ಸಿಲ್ ಆಫ್ ಇಂಡಿಯಾ ಆರಂಭವಾಯಿತು. ಸರ್ಕಾರದ ಮಂಡಳಿಯನ್ನೇ ನಡೆಸುತ್ತಿದ್ದವರು ಸರ್ಕಾರದ ಹೊರಗೊಂದು ಸಂಸ್ಥೆಯನ್ನು ಕಟ್ಟಿದ್ದು ಕುತೂಹಲಕರ. ಇಲಾಖೆಯ ಕಡತಗಳನ್ನಷ್ಟೇ ನಂಬಿ ಕಸುಬು ಬದುಕಲಾರದು ಎಂಬ ಎಚ್ಚರ ಅವರಿಗೆ ಇದ್ದಂತೆ ತೋರುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿ ನ್ಯಾಯಯುತ ವ್ಯಾಪಾರದ ಚರಿತ್ರೆಯನ್ನು ಸಾಮಾನ್ಯವಾಗಿ 1946ರಿಂದ ಆರಂಭಿಸುತ್ತಾರೆ. ಆ ವರ್ಷ ಅಮೆರಿಕದ ಮೆನೊನೈಟ್ ಸಮುದಾಯದ ಎಡ್ನಾ ರೂತ್ ಬೈಲರ್ ಪೋರ್ಟೊರಿಕೊದ ಬಡ ಮಹಿಳೆಯರ ಕಸೂತಿಯನ್ನು ತಂದು ತಮ್ಮ ಪರಿಚಿತರಿಗೆ ಮಾರತೊಡಗಿದರು. ಮುಂದೆ ಆಕ್ಸ್‌ಫ್ಯಾಮ್‌ನಂಥ ಸಂಸ್ಥೆಗಳೂ ಬಡದೇಶಗಳ ಕರಕುಶಲ ವಸ್ತುಗಳ ಮಾರಾಟಕ್ಕೆ ಕೈಹಾಕಿದವು. ಈ ಎರಡು ಧಾರೆಗಳ ನಡುವೆ ವ್ಯತ್ಯಾಸವಿದೆ. ಅಲ್ಲಿ ಆರಂಭದ ಪ್ರೇರಣೆ ದೂರದ ಬಡವರ ಬಗೆಗಿನ ಕರುಣೆ. ಕೊಳ್ಳುವವನ ಒಳ್ಳೆಯತನವೇ ವ್ಯವಹಾರದ ಆಧಾರ. ಕಮಲಾದೇವಿಯವರ ಯೋಜನೆಯಲ್ಲಿ ಕುಶಲಕರ್ಮಿ ಸಂಘದ ಸದಸ್ಯ, ಮಳಿಗೆ ಅವನದೇ ಸಂಘದ ಆಡಳಿತದ್ದು, ಗ್ರಾಹಕ ಕೊಡುವುದು ದಾನವಲ್ಲ, ಮಾಲಿನ ಬೆಲೆ. ವಸ್ತು ಚೆನ್ನಾಗಿಲ್ಲದಿದ್ದರೆ ಕನಿಕರಕ್ಕಾಗಿ ಕೊಳ್ಳುವವರು ಒಮ್ಮೆ ಕೊಂಡು ಸುಮ್ಮನಾಗುತ್ತಾರೆ ಎಂಬುದು ವ್ಯಾಪಾರದ ಅನುಭವ. ಆದ್ದರಿಂದಲೇ ಗುಣಮಟ್ಟ ಮತ್ತು ವಿನ್ಯಾಸಗಳಿಗೆ ಮಂಡಳಿಯು ಅಷ್ಟು ಮಹತ್ತ್ವ ಕೊಟ್ಟಿತು.

ಉತ್ತರ ಕನ್ನಡದ ಕಸುಬುಗಳು

ಕಮಲಾದೇವಿ ಎತ್ತಿದ ಪ್ರಶ್ನೆಗಳು ಅವರ ಮನೆತನದ ಮೂಲವಿರುವ ಜಿಲ್ಲೆಯಲ್ಲಿ ಇಂದಿಗೂ ಜೀವಂತ. ಕುಮಟಾ, ಹೊನ್ನಾವರ, ಶಿರಸಿಗಳಲ್ಲಿಯೂ ನೆರೆಯ ಸಾಗರ, ಸೊರಬಗಳಲ್ಲಿಯೂ ನೆಲೆಸಿರುವ ಗುಡಿಗಾರರು ಶ್ರೀಗಂಧ ಮತ್ತು ದಂತದ ಕೆತ್ತನೆಗೆ ಹೆಸರಾದವರು. ಗಂಧದ ಮರ ದೀರ್ಘಕಾಲ ಸರ್ಕಾರದ ಸ್ವತ್ತಾಗಿದ್ದುದರಿಂದ ಕಚ್ಚಾವಸ್ತುವಿಗೆ ಅವರು ಸರ್ಕಾರದ ಹಂಚಿಕೆಯನ್ನೇ ಅವಲಂಬಿಸಬೇಕಾಯಿತು. ಗಂಧ ದುಬಾರಿಯಾಗಿ ವಿರಳವಾದಂತೆ, ದಂತದ ವ್ಯಾಪಾರ ನಿಷೇಧವಾದಂತೆ, ಹಲವರು ಶಿವನೆ ಮೊದಲಾದ ಬೇರೆ ಮರಗಳಿಗೆ ಹೊರಳಿದರು. ಉಳಿಯ ಚಳಕ ಎಷ್ಟೇ ಇದ್ದರೂ ಮರ ಸಿಗದೆ ಕಸುಬು ನಡೆಯದು. ಕಚ್ಚಾವಸ್ತುವಿನ ಪೂರೈಕೆ ಕಮಲಾದೇವಿಯವರ ಕಾಲದ ಮಂಡಳಿಗೂ ತೊಡಕಿನ ವಿಷಯವೇ ಆಗಿತ್ತು. ಅಂಕೋಲಾ, ಕಾರವಾರ, ಕುಮಟಾ ಭಾಗದ ಹಾಲಕ್ಕಿ ಒಕ್ಕಲಿಗ ಮಹಿಳೆಯರ ಮಣಿಸರಗಳು, ಶಿರಸಿ ಸಿದ್ದಾಪುರದ ಕಡೆಯ ದೀವರ ಚಿತ್ತಾರ ಇವು ಮಾರುಕಟ್ಟೆಗಾಗಿ ಹುಟ್ಟಿದವಲ್ಲ. ಅವುಗಳನ್ನು ಉಡುಗೊರೆಯ ಸರಕಾಗಿ ಪೇಟೆಗೆ ತರುವಾಗ ಬೆಲೆ ಕಟ್ಟುವವರು ಯಾರು, ಲಾಭ ಯಾರಿಗೆ ಎಂಬ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ.

ಕರ್ನಾಟಕದಲ್ಲಿ ಲಂಬಾಣಿ ಕಸೂತಿಯನ್ನು ಜೀವನೋಪಾಯವಾಗಿಸಿದ ಸಂಡೂರು ಕುಶಲ ಕಲಾ ಕೇಂದ್ರ, ಹೆಗ್ಗೋಡು ಸಮೀಪದ ಭೀಮನಕೋಣೆಯಲ್ಲಿ ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ ತಯಾರಿಸುವ ಚರಕ ಮಹಿಳಾ ಸಹಕಾರಿ ಸಂಘ ಮೊದಲಾದವು ಇದೇ ಬಗೆಯ ಹಾದಿಯಲ್ಲಿ ನಡೆದ ಸಂಸ್ಥೆಗಳು.

ರಂಗಭೂಮಿ ಸಂಸ್ಥೆಗಳು ಮತ್ತು ಕೃತಿಗಳು

1944ರಲ್ಲಿ ಇಂಡಿಯನ್ ನ್ಯಾಷನಲ್ ಥಿಯೇಟರ್, ಅನಂತರ ಭಾರತೀಯ ನಾಟ್ಯ ಸಂಘ ಇವುಗಳ ಸ್ಥಾಪನೆಯಲ್ಲಿ ಕಮಲಾದೇವಿ ಮುಂದಾಳುಗಳಾಗಿದ್ದರು. ನಾಟ್ಯ ಸಂಘ ದೆಹಲಿಯಲ್ಲಿ ತೆರೆದ ಏಷ್ಯನ್ ಥಿಯೇಟರ್ ಇನ್‌ಸ್ಟಿಟ್ಯೂಟ್ ಮುಂದೆ 1959ರಲ್ಲಿ ಆರಂಭವಾದ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವಿಲೀನವಾಯಿತು. ಅವರು ಸಂಗೀತ ನಾಟಕ ಅಕಾಡೆಮಿಯ ಅಧ್ಯಕ್ಷೆಯೂ ಆಗಿದ್ದರು.

ಅವರ ಬರಹಗಳೆಲ್ಲ ಬಹುಪಾಲು ಇಂಗ್ಲಿಷಿನಲ್ಲಿವೆ. ‘ದಿ ಅವೇಕನಿಂಗ್ ಆಫ್ ಇಂಡಿಯನ್ ವಿಮೆನ್’ (1939), ‘ಕಾರ್ಪೆಟ್ಸ್ ಅಂಡ್ ಫ್ಲೋರ್ ಕವರಿಂಗ್ಸ್ ಆಫ್ ಇಂಡಿಯಾ’ (1969), ‘ಹ್ಯಾಂಡಿಕ್ರಾಫ್ಟ್ಸ್ ಆಫ್ ಇಂಡಿಯಾ’ (1975), ‘ಇಂಡಿಯನ್ ವಿಮೆನ್ಸ್ ಬ್ಯಾಟಲ್ ಫಾರ್ ಫ್ರೀಡಂ’ (1983) ಮತ್ತು ಆತ್ಮಕಥನ ‘ಇನ್ನರ್ ರಿಸೆಸಸ್, ಔಟರ್ ಸ್ಪೇಸಸ್’ (1986) ಮುಖ್ಯವಾದವು. 1975ರ ಕೃತಿಯು ದೇಶದ ಕರಕುಶಲ ಕಲೆಗಳ ಪರಿಚಯ ಬಯಸುವವರಿಗೆ ಇಂದಿಗೂ ಉಪಯುಕ್ತ.

ಪ್ರಶಸ್ತಿ ಗೌರವಗಳು

ಭಾರತ ಸರ್ಕಾರ ಅವರಿಗೆ 1955ರಲ್ಲಿ ಪದ್ಮಭೂಷಣ, 1987ರಲ್ಲಿ ಪದ್ಮವಿಭೂಷಣ ನೀಡಿತು. ಸಮುದಾಯ ನಾಯಕತ್ವಕ್ಕಾಗಿ 1966ರ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ, 1974ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್, ವಿಶ್ವಭಾರತಿಯ ದೇಶಿಕೋತ್ತಮ ಗೌರವಗಳೂ ಸಂದವು. 2018ರ ಏಪ್ರಿಲ್ 3ರಂದು ಅವರ 115ನೆಯ ಜನ್ಮದಿನದ ನೆನಪಿಗೆ ಗೂಗಲ್ ತನ್ನ ಮುಖಪುಟದಲ್ಲಿ ವಿಶೇಷ ಚಿತ್ರ ಪ್ರಕಟಿಸಿತು. ಮಹಿಳಾ ನೇಕಾರರು ಮತ್ತು ಕುಶಲಕರ್ಮಿಗಳಿಗಾಗಿ ಕೇಂದ್ರ ಜವಳಿ ಸಚಿವಾಲಯ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿದೆ.

ನಿಧನ ಮತ್ತು ಅನಂತರ

ಕಮಲಾದೇವಿ 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ನಿಧನರಾದರು. ಆಗ ಅವರಿಗೆ 85 ವರ್ಷ. ಅದೇ ವರ್ಷ ನೆದರ್ಲೆಂಡ್ಸ್‌ನಲ್ಲಿ ಮೊದಲ ನ್ಯಾಯಯುತ ವ್ಯಾಪಾರದ ಮುದ್ರೆ ಬಳಕೆಗೆ ಬಂತು. ಮರುವರ್ಷ ಇಂಥ ಸಂಸ್ಥೆಗಳ ಅಂತಾರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು.

ಅವರು ಕಟ್ಟಿದ ಸಂಸ್ಥೆಗಳೆಲ್ಲ ಹಾಗೆಯೇ ಉಳಿಯಲಿಲ್ಲ. ಸಹಕಾರ ಸಂಘದ ಆಡಳಿತದಲ್ಲಿದ್ದ ದೆಹಲಿಯ ಎಂಪೋರಿಯಂ ಮತ್ತೆ ಸರ್ಕಾರದ ಕೈಸೇರಿ 1976ರಲ್ಲಿ ನಿಗಮವಾಯಿತು. ಕುಶಲಕರ್ಮಿಗಳೇ ನಡೆಸಬೇಕಾದ ವ್ಯವಸ್ಥೆ ನೌಕರಶಾಹಿಯ ಪಾಲಾಯಿತೆಂಬ ಟೀಕೆ ಸರ್ಕಾರಿ ಮಳಿಗೆಗಳ ಬಗ್ಗೆ ಕೇಳಿಬಂದಿದೆ. 2020ರ ಆಗಸ್ಟ್‌ನಲ್ಲಿ ಜವಳಿ ಸಚಿವಾಲಯ ಅಖಿಲ ಭಾರತ ಕರಕುಶಲ ಮಂಡಳಿಯನ್ನು ರದ್ದುಪಡಿಸಿತು. ಆ ವೇಳೆಗೆ ಅದು ಸಲಹಾ ಸಮಿತಿಯ ಮಟ್ಟಕ್ಕೆ ಇಳಿದಿತ್ತಾದರೂ, ಕುಶಲಕರ್ಮಿಗಳು ಸರ್ಕಾರದೊಂದಿಗೆ ನೇರವಾಗಿ ಮಾತನಾಡಲು ಉಳಿದಿದ್ದ ಅಧಿಕೃತ ವೇದಿಕೆಯೊಂದು ಹೋಯಿತೆಂದು ಕರಕುಶಲ ಕ್ಷೇತ್ರದ ಹಲವರು ಆಕ್ಷೇಪಿಸಿದರು. ಸರ್ಕಾರದ ಹೊರಗೆ ಅವರು ಆರಂಭಿಸಿದ ಕ್ರಾಫ್ಟ್ಸ್ ಕೌನ್ಸಿಲ್ ಮತ್ತು ಅದರ ರಾಜ್ಯ ಶಾಖೆಗಳು ಕೆಲಸ ಮುಂದುವರಿಸಿವೆ.